ಟ್ಯಾಂಪಾದಲ್ಲಿ ಮೊದಲ ಹರಿಕೇನ್ ಸೀಸನ್, ಜೊತೆಗೆ ಅಪ್ಪ-ಅಮ್ಮ. ಹಳಬರು ಸ್ವಲ್ಪ ಹೇಳಿಕೊಡಿ

ತುಂಗೆದಂಡೆ

ಎಲ್ಲರಿಗೂ ನಮಸ್ಕಾರ. ನಾವು ಮಾರ್ಚ್‌ನಲ್ಲಿ ಷಿಕಾಗೊ ಬಿಟ್ಟು ಫ್ಲಾರಿಡಾದ ಟ್ಯಾಂಪಾಕ್ಕೆ ಬಂದೆವು. ಅಪ್ಪ-ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದಾರೆ, ನವೆಂಬರ್‌ವರೆಗೆ ಇರುತ್ತಾರೆ. ಇಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್, ಅಂದರೆ ಚಂಡಮಾರುತದ ಕಾಲವಂತೆ. ಅಂದರೆ ಅವರು ಇರುವಷ್ಟೂ ದಿನ!

ಮೊನ್ನೆ ಪಕ್ಕದ ಮನೆಯವರು "ನಿಮ್ಮದು ಯಾವ ಜೋನ್?" ಅಂತ ಕೇಳಿದರು. ನಾನು ಟೈಮ್ ಜೋನ್ ಅಂದುಕೊಂಡು "ಈಸ್ಟರ್ನ್" ಅಂದೆ. ಅವರು ನಗಾಡಿದರು, ಆಮೇಲೆ ಒಂಥರಾ ಕನಿಕರದಿಂದ ನೋಡಿದರು. ಆಗ ಸ್ವಲ್ಪ ಭಯವಾಯಿತು.

ಅಪ್ಪನಿಗೆ ಏನೂ ಭಯವಿಲ್ಲ. "ಆಗುಂಬೆ ಮಳೆ ನೋಡಿದವನಿಗೆ ಇದೇನು ಮಹಾ" ಅನ್ನುತ್ತಾರೆ. ಏನೇನು ತಯಾರಿ ಮಾಡಬೇಕು? ಇದು ಹುಟ್ಟುವುದಾದರೂ ಹೇಗೆ? ಅಪ್ಪನಿಗೆ ವಿವರಿಸಲು ಹೋಗಿ ನಾನೇ ತಡವರಿಸಿದೆ.

ಟ್ಯಾಂಪಾ_ಹಳಬ

ನಾನು ಇಲ್ಲಿಗೆ ಬಂದು 19 ವರ್ಷ. ಮೊದಲು ಒಂದೇ ಒಂದು ಕೆಲಸ ಮಾಡಿ. ನಿಮ್ಮ ಕೌಂಟಿಯ (ಇಲ್ಲಿನ ಜಿಲ್ಲೆ) ವೆಬ್‌ಸೈಟಿನಲ್ಲಿ ಮನೆ ವಿಳಾಸ ಹಾಕಿ, ಇವ್ಯಾಕ್ಯುಯೇಷನ್ ಜೋನ್, ಅಂದರೆ ಮನೆ ಬಿಟ್ಟು ಹೋಗಲು ಹೇಳುವ ವಲಯ, ಯಾವುದು ನೋಡಿ. ಎ ಇಂದ ಇ ವರೆಗೆ ಅಕ್ಷರ ಇರುತ್ತೆ. ಎ ಅಂದರೆ ಕಡಲ ನೀರು ಮೊದಲು ನುಗ್ಗುವ ಜಾಗ, ಮೊದಲು ಮನೆ ಬಿಡಬೇಕಾದವರು. ಯಾವ ಅಕ್ಷರವೂ ಬರದಿದ್ದರೆ ನಿಮ್ಮ ಪುಣ್ಯ.

ಎಚ್ಚರ, ಇನ್ಶೂರೆನ್ಸ್‌ನವರು ಹೇಳುವ 'ಫ್ಲಡ್ ಜೋನ್' ಬೇರೆ, ಇದು ಬೇರೆ. ಎರಡರಲ್ಲೂ ಎ ಅನ್ನೋ ಅಕ್ಷರ ಇದೆ, ಅದಕ್ಕೇ ಎಲ್ಲರೂ ಎಡವುತ್ತಾರೆ. ಮೊದಲ ವರ್ಷ ನಾನೂ ಎಡವಿದ್ದೆ.

ಇಲ್ಲಿಯವರ ಮಾತು ಒಂದಿದೆ: ನೀರು ಬಂದರೆ ಓಡು, ಗಾಳಿ ಬಂದರೆ ಅಡಗು. ಓಡಬೇಕಾದ ಮನೆಯೋ ಅಡಗಬಹುದಾದ ಮನೆಯೋ ಅನ್ನುವುದನ್ನು ಆ ಅಕ್ಷರ ಹೇಳುತ್ತೆ.

ಸಣ್ಣಕ್ಕಿ

ನೀರಿನ ಕೇಸ್ ಈಗಲೇ ತಗೊಳ್ಳಿ. ಸೆಪ್ಟೆಂಬರ್‌ನಲ್ಲಿ ಅಂಗಡಿಗೆ ಹೋದರೆ ಖಾಲಿ ಕಪಾಟಿನ ಫೋಟೋ ತೆಗೆದುಕೊಂಡು ಬರಬೇಕಾಗುತ್ತೆ ಅಷ್ಟೇ.

ಮೋಡದಹುಚ್ಚು

ಹುಟ್ಟುವ ವಿಷಯ ನನಗೆ ಬಿಡಿ. ಅಪ್ಪನಿಗಿಂತ ಮೊದಲು ಅಮ್ಮನನ್ನು ಕೇಳಿ. ಇಡ್ಲಿ ಪಾತ್ರೆ ಮುಚ್ಚಳ ತೆಗೆಯುವಾಗ ಆವಿ ಕೈಗೆ ತಾಗಿದರೆ ಬಿಸಿನೀರಿಗಿಂತ ಜೋರಾಗಿ ಸುಡುತ್ತದೆ, ಅಲ್ವಾ? ನೀರು ಆವಿಯಾಗುವಾಗ ಒಲೆಯಿಂದ ಬಿಸಿ ಹೀರಿಕೊಂಡಿರುತ್ತದೆ. ಆ ಆವಿ ಕೈಮೇಲೆ ಮತ್ತೆ ನೀರಾಗುವಾಗ ಆ ಬಿಸಿಯನ್ನೆಲ್ಲ ಅಲ್ಲೇ ಸುರಿಯುತ್ತದೆ. ಹರಿಕೇನ್ ಓಡುವುದೇ ಈ ಬಿಸಿಯಿಂದ. ಒಲೆ ಸೂರ್ಯ, ಪಾತ್ರೆ ಸಮುದ್ರ, ಆವಿ ನೀರಾಗುವ ಜಾಗ ಮೋಡ.

ಸಮುದ್ರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಅದೂ ಮೇಲೆ ಮೇಲೆ ಮಾತ್ರ ಸಾಲದು, 50 ಮೀಟರ್ ಆಳದ ತನಕ ಬೇಕು. ಇಲ್ಲದಿದ್ದರೆ ಬಿರುಗಾಳಿಯೇ ನೀರು ಕದಡಿ, ತಳದ ತಣ್ಣೀರು ಮೇಲೆ ಬಂದು, ತನ್ನ ಒಲೆಯನ್ನು ತಾನೇ ಆರಿಸಿಕೊಳ್ಳುತ್ತದೆ.

ಆವಿ ಮೇಲೇರಿ ಮೋಡವಾದಾಗ ಬಿಟ್ಟ ಬಿಸಿಗೆ ಅಲ್ಲಿನ ಗಾಳಿ ಇನ್ನಷ್ಟು ಹಗುರಾಗಿ ಇನ್ನೂ ಮೇಲಕ್ಕೆ ಹೋಗುತ್ತದೆ. ಕೆಳಗೆ ಒತ್ತಡ ಇಳಿಯುತ್ತದೆ. ನಮ್ಮ ಪೇಪರ್‌ನವರು 'ವಾಯುಭಾರ ಕುಸಿತ' ಅಂತ ಬರೆಯುತ್ತಾರಲ್ಲ, ಅದೇ. ಆ ಜಾಗ ತುಂಬಲು ಸುತ್ತಲಿನ ಗಾಳಿ ನುಗ್ಗುತ್ತದೆ, ದಾರಿಯಲ್ಲಿ ಇನ್ನಷ್ಟು ಆವಿ ಹೊತ್ತು ತರುತ್ತದೆ. ಭೂಮಿ ತಿರುಗುತ್ತಿರುವುದರಿಂದ ಗಾಳಿ ನೇರ ಹೋಗದೆ ಬಲಕ್ಕೆ ವಾಲುತ್ತದೆ. ಹಾಗೆ ವಾಲಿ ವಾಲಿ ಸುತ್ತಲು ಶುರು. ನಮ್ಮ ಉತ್ತರಾರ್ಧದಲ್ಲಿ ಯಾವಾಗಲೂ ಗಡಿಯಾರದ ಮುಳ್ಳಿಗೆ ಉಲ್ಟಾ. ಭೂಮಧ್ಯರೇಖೆಯ ಹತ್ತಿರ ಈ ವಾಲಿಸುವ ಬಲ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೇ ಸಿಂಗಾಪುರದವರಿಗೆ ಈ ಕಾಟ ಹೆಚ್ಚುಕಡಿಮೆ ಇಲ್ಲ.

ಇನ್ನೊಂದು ಷರತ್ತು ಯಾರೂ ಹೇಳುವುದಿಲ್ಲ. ಕೆಳಗಿನ ಗಾಳಿ ಮತ್ತು ಮೇಲಿನ ಗಾಳಿ ಬೇರೆ ಬೇರೆ ದಿಕ್ಕಿಗೆ ಎಳೆಯಬಾರದು. ಎಳೆದರೆ ಗೋಪುರದಂತೆ ಎದ್ದ ಮೋಡ ವಾಲಿ ಮುರಿಯುತ್ತದೆ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಬರುವುದು ಹೆಚ್ಚಾಗಿ ಮೇ-ಜೂನ್‌ನಲ್ಲಿ, ಇಲ್ಲವೇ ಅಕ್ಟೋಬರ್-ನವೆಂಬರ್‌ನಲ್ಲಿ. ಜುಲೈನಲ್ಲಿ ಇಲ್ಲ. ಮುಂಗಾರು ಜೋರಾದಾಗ ಕೆಳಗೆ ಪಶ್ಚಿಮದ ಗಾಳಿ, ಮೇಲೆ ಪೂರ್ವದ ಗಾಳಿ, ಎರಡರ ಜಗ್ಗಾಟದಲ್ಲಿ ಚಂಡಮಾರುತ ತಲೆ ಎತ್ತುವುದಿಲ್ಲ. ಹಾಗಾಗಿ ಅಪ್ಪ ನೋಡಿದ ಆಗುಂಬೆ ಮಳೆ ಬೇರೆ ಜಾತಿ.

ಹರಿಕೇನ್, ಟೈಫೂನ್, ಸೈಕ್ಲೋನ್ ಎಲ್ಲ ಒಂದೇ ಪ್ರಾಣಿ. ಊರು ಬೇರೆ, ಹೆಸರು ಬೇರೆ.

ಸಣ್ಣಕ್ಕಿ

ವಾಶ್‌ಬೇಸಿನ್ ನೀರು ತಿರುಗುವುದೂ ಇದೇ ಕಾರಣಕ್ಕಾ?

ಮೋಡದಹುಚ್ಚು

ಅಲ್ಲ. ಬೇಸಿನ್ ತುಂಬಾ ಚಿಕ್ಕದು, ಅಲ್ಲಿ ಭೂಮಿಯ ಆಟ ನಡೆಯಲ್ಲ. ನೀರು ಯಾವ ಕಡೆಯಿಂದ ಬಿತ್ತು, ಬೇಸಿನ್ ಹೇಗಿದೆ, ಅಷ್ಟೇ.

ಓಡಿಓಡಿಸುಸ್ತು

ಎಲ್ಲ ಸರಿ, ಆದರೆ ಇಲ್ಲಿಯವರು ಸುಮ್ನೆ ಹೆದರಿಸ್ತಾರೆ ಸ್ವಾಮಿ. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಹರಿಕೇನ್ ಬಂತು. ಜೋನ್‌ನಲ್ಲಿ ಉಳಿದರೆ ಸಾಯ್ತೀರಿ ಅಂತ ಟ್ಯಾಂಪಾ ಮೇಯರ್ ಟಿವಿಯಲ್ಲೇ ಹೇಳಿದರು. ಹೆಂಡತಿ, ಎರಡು ಮಕ್ಕಳು, ಒಂದು ನಾಯಿ ಕಟ್ಟಿಕೊಂಡು ಅಟ್ಲಾಂಟಾಕ್ಕೆ ಹೊರಟೆ. ಐ-75 ಹೆದ್ದಾರಿಯಲ್ಲಿ ಕಾರು ಆಮೆಗಿಂತ ನಿಧಾನ. ಮೂರು ಬಂಕ್‌ಗಳಲ್ಲಿ ಪೆಟ್ರೋಲ್ ಇಲ್ಲ. ಹದಿನೈದು ಗಂಟೆ! ವಾಪಸ್ ಬಂದು ನೋಡಿದರೆ ಟ್ಯಾಂಪಾ ಬೇ ಕೊಲ್ಲಿಗೆ ನೀರು ಬರುವುದಿರಲಿ, ಇದ್ದ ನೀರೂ ಹಿಂದಕ್ಕೆ ಹೋಗಿತ್ತಂತೆ. ಮನೆ ಮುಂದಿನ ಕಸದ ಡಬ್ಬ ಕೂಡ ಬಿದ್ದಿರಲಿಲ್ಲ. ಮುಂದಿನ ಸಲ ನಾನಂತೂ ಹೋಗಲ್ಲ.

ಟ್ಯಾಂಪಾ_ಹಳಬ

ಸುಸ್ತು ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ನೀರು ಹಿಂದಕ್ಕೆ ಹೋಗಿದ್ದು ಯಾಕೆ ಅಂತ ಯೋಚಿಸಿದಿರಾ? ಮಿಲ್ಟನ್‌ನ ಕಣ್ಣು, ಅಂದರೆ ಅದರ ನಡುಭಾಗ, ಅಕ್ಟೋಬರ್ 9ರ ರಾತ್ರಿ ದಡ ಹತ್ತಿದ್ದು ಸಿಯೆಸ್ಟಾ ಕೀ ಹತ್ತಿರ. ಟ್ಯಾಂಪಾದಿಂದ ದಕ್ಷಿಣಕ್ಕೆ ಸುಮಾರು 75 ಕಿ.ಮೀ. ಗಾಳಿ ಗಡಿಯಾರಕ್ಕೆ ಉಲ್ಟಾ ಸುತ್ತುತ್ತಲ್ಲ. ಕಣ್ಣಿನ ಉತ್ತರಕ್ಕಿದ್ದ ನಮಗೆ ಗಾಳಿ ನೆಲದಿಂದ ಕಡಲಿಗೆ ಬೀಸಿತು, ನೀರನ್ನು ಗುಡಿಸಿಕೊಂಡು ಹೋಯಿತು. ದಕ್ಷಿಣಕ್ಕಿದ್ದ ವೆನಿಸ್ ಕಡೆಯವರಿಗೆ ಕಡಲಿಂದ ನೆಲಕ್ಕೆ ಬೀಸಿತು. ಅವರ ಮನೆಗಳಿಗೆ ನೀರು ನುಗ್ಗಿತು. ಕಣ್ಣು ಬೇ ಬಾಯಿಯ ಸ್ವಲ್ಪ ಉತ್ತರಕ್ಕೆ ಬಂದಿದ್ದರೆ ಆ ಪಾಲು ನಮ್ಮದಾಗಿರುತ್ತಿತ್ತು. ಒಂದು ದಿನ ಮುಂಚೆ ಇಷ್ಟು ಸಣ್ಣ ವ್ಯತ್ಯಾಸವನ್ನು ಯಾರೂ ಖಚಿತವಾಗಿ ಹೇಳಲಾರರು.

ಅದಕ್ಕಿಂತ 13 ದಿನ ಮುಂಚೆ ಹೆಲೀನ್ ಏನು ಮಾಡಿತು ನೆನಪಿದೆಯಾ? ಅದು ದಡ ಹತ್ತಿದ್ದು ಎಷ್ಟೋ ಉತ್ತರದ ಪೆರಿ ಹತ್ತಿರ. ನಮ್ಮಿಂದ ನೂರು ಮೈಲಿಗೂ ಆಚೆ ಕಡಲಲ್ಲೇ ಹಾದುಹೋಯಿತು. ಆದರೂ ಬೇ ಸುತ್ತ ಆರೇಳು ಅಡಿ ನೀರು ಏರಿತು. "ನಮ್ಮ ಮೇಲೆ ಬರ್ತಿಲ್ಲ ಬಿಡಿ" ಅಂತ ಮಲಗಿದವರು ರಾತ್ರಿ ಎದ್ದು ಕಾಲು ಕೆಳಗಿಟ್ಟರೆ ನೀರು. ನನ್ನ ಸಹೋದ್ಯೋಗಿಯ ಮನೆ ಗೋಡೆಯಲ್ಲಿ ಸ್ವಿಚ್ ಬೋರ್ಡಿನ ಮೇಲೆ ಕಂದು ಗೆರೆ ಈಗಲೂ ಇದೆ. ಅವರು ಬಿಸಾಡಿದ ಸೋಫಾ, ಹಾಸಿಗೆ ರಸ್ತೆ ಬದಿ ಬಿದ್ದಿರುವಾಗಲೇ ಮಿಲ್ಟನ್ ಬಂದಿದ್ದು. ಮೇಯರ್ ಯಾಕೆ ಹಾಗೆ ಕೂಗಿದರು ಅಂತ ಈಗ ಹೇಳಿ.

ನಿಮ್ಮ ತಪ್ಪು ಊರು ಬಿಟ್ಟಿದ್ದಲ್ಲ, ಅಟ್ಲಾಂಟಾಕ್ಕೆ ಹೋಗಿದ್ದು. ಕಡಲ ನೀರಿನಿಂದ ತಪ್ಪಿಸಿಕೊಳ್ಳಲು ನೂರಾರು ಮೈಲಿ ಬೇಕಿಲ್ಲ. ಜೋನ್ ಇಲ್ಲದ ಎತ್ತರದ ಜಾಗದಲ್ಲಿ, ಹತ್ತು ಹದಿನೈದು ಮೈಲಿ ಒಳಗೆ, ಗಟ್ಟಿ ಮನೆ ಇರುವ ಸ್ನೇಹಿತರು ಸಾಕು. ಅವರೂ ಇಲ್ಲದಿದ್ದರೆ ಕೌಂಟಿಯವರು ಶಾಲೆಗಳಲ್ಲಿ ಶೆಲ್ಟರ್ ತೆರೆಯುತ್ತಾರೆ. ನಾಯಿ ಕರೆದುಕೊಂಡು ಹೋಗಲು ಬಿಡುವ ಶೆಲ್ಟರೂ ಇರುತ್ತವೆ.

ಓಡಿಓಡಿಸುಸ್ತು

ಹದಿನೈದು ಮೈಲಿ ಅಂತ ಆಗಲೇ ಯಾರಾದರೂ ಹೇಳಬಾರದಿತ್ತಾ?

ಮಲ್ಪೆಬಾಗಿಲು

ಊರಿಂದ ಬರೆಯುತ್ತಿದ್ದೇನೆ ಮಾರಾಯ್ರೆ. ಎಡ-ಬಲದ ಈ ಮಾತು ನಮಗೂ ಸರಿಯಾಗಿ ಹೊಂದುತ್ತದೆ. 2021ರ ಮೇಯಲ್ಲಿ ತೌಕ್ತೆ ಬಂದಾಗ ಅದರ ಕಣ್ಣು ಕರ್ನಾಟಕದ ನೆಲ ಮುಟ್ಟಲೇ ಇಲ್ಲ. ನಮ್ಮ ಕರಾವಳಿಯುದ್ದಕ್ಕೂ ಕಡಲಲ್ಲೇ ಉತ್ತರಕ್ಕೆ ಹೋಗಿ 17ರ ರಾತ್ರಿ ಗುಜರಾತಿನಲ್ಲಿ ದಡ ಹತ್ತಿತು. ಆದರೆ ನಾವು ಇದ್ದದ್ದು ಅದರ ಬಲಬದಿಗೆ. ಗಾಳಿಯೆಲ್ಲ ಕಡಲನ್ನು ನಮ್ಮ ಕಡೆಗೇ ದೂಡಿತು. ಉಳ್ಳಾಲದಿಂದ ಬೈಂದೂರಿನವರೆಗೆ ಕಡಲ್ಕೊರೆತ. ನಮ್ಮ ಚಿಕ್ಕಪ್ಪನ ಹಿತ್ತಲಿನ ತೆಂಗಿನ ಮರದ ಬೇರು ಬುಟ್ಟಿ ಹಾಗೆ ಹೊರಗೆ ಕಾಣುತ್ತಿತ್ತು, ಮರ ಮಾತ್ರ ನಿಂತೇ ಇತ್ತು. ಮೂರು ದಿನ ಬಿಟ್ಟು, ಗಾಳಿ ಎಲ್ಲ ನಿಂತ ಮೇಲೆ ಬಿತ್ತು.

ಮೂಲ್ಕಿ-ಕಾಪು ಕಡೆ ಕಡಲಬಂಡೆಗೆ ಸಿಕ್ಕಿಹಾಕಿಕೊಂಡ, ಹಡಗು ಎಳೆಯುವ ಟಗ್‌ನಲ್ಲಿ ಒಂಬತ್ತು ಜನ ಇದ್ದರು. ದಡದಿಂದ ಕಣ್ಣಿಗೆ ಕಾಣುತ್ತಿದ್ದರೂ ಹತ್ತಿರ ಹೋಗಲು ಆಗಲಿಲ್ಲ. ಕೊನೆಗೆ 17ರಂದು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ದೋಣಿ, ಹೆಲಿಕಾಪ್ಟರ್ ತಂದು ಎಲ್ಲರನ್ನೂ ಉಳಿಸಿದರು. ಅಂದಹಾಗೆ ಆ ಹೆಸರು ಮ್ಯಾನ್ಮಾರ್‌ನವರು ಕೊಟ್ಟದ್ದು, ಅವರ ಭಾಷೆಯಲ್ಲಿ ಹಲ್ಲಿ ಅಂತ ಅರ್ಥ. ಹಲ್ಲಿ ಲೊಚಗುಟ್ಟಿದರೆ ಶಕುನ ಅನ್ನುತ್ತಾರೆ, ಇದು ಲೊಚಗುಟ್ಟಿದ್ದು ಸ್ವಲ್ಪ ಜೋರಾಯಿತು.

ಹೂಸ್ಟನ್‌ಗೌಡ್ತಿ

ಕೆಟಗರಿ ನಂಬಬೇಡಿ, ಅದನ್ನು ಹೇಳಲು ಬಂದೆ. 1ರಿಂದ 5ರ ಕೆಟಗರಿ ಬರೀ ಗಾಳಿಯ ಲೆಕ್ಕ. ಗಂಟೆಗೆ 74 ಮೈಲಿಗೆ ಒಂದು ಶುರು, 157 ದಾಟಿದರೆ ಐದು. ಮಳೆ ಎಷ್ಟು, ಕಡಲು ಎಷ್ಟು ಏರುತ್ತೆ, ಇದೊಂದೂ ಅದರಲ್ಲಿ ಇಲ್ಲ.

2017ರಲ್ಲಿ ಹಾರ್ವಿ ಕೆಟಗರಿ 4 ಆಗಿ ದಡ ಹತ್ತಿದ್ದು ರಾಕ್‌ಪೋರ್ಟ್ ಹತ್ತಿರ, ನಮ್ಮ ಹೂಸ್ಟನ್ನಿಂದ ಇನ್ನೂರು ಕಿ.ಮೀ.ಗಿಂತ ದೂರ. ಮರುದಿನ ಗಾಳಿ ಇಳಿಯಿತು, ಹರಿಕೇನ್ ಅನ್ನುವ ಹೆಸರೂ ಹೋಯಿತು. ನಮ್ಮನೆಯವರು "ಆಯ್ತಲ್ಲ" ಅಂತ ಕಾಫಿ ಕೇಳಿದರು. ಆದರೆ ಅದು ಅಲ್ಲೇ ಬೀಡುಬಿಟ್ಟಿತು. ದಿನಗಟ್ಟಲೆ ಸುರಿಯಿತು. ಟೆಕ್ಸಸ್‌ನ ನೀಡರ್‌ಲ್ಯಾಂಡ್‌ನಲ್ಲಿ ಒಟ್ಟು 60.58 ಇಂಚು, ಅಂದರೆ 1,500 ಮಿ.ಮೀ. ದಾಟಿತು. ಬೆಂಗಳೂರಿಗೆ ಇಡೀ ವರ್ಷ ಬೀಳುವುದು ಸಾವಿರದ ಆಸುಪಾಸು.

ನಮ್ಮ ರಸ್ತೆಯಲ್ಲಿ ನೀರು ಮೊದಲು ಚರಂಡಿ ಜಾಲರಿಯಿಂದ ಗುಳುಗುಳು ಅಂತ ಮೇಲಕ್ಕೆ ಬಂತು. ಇಳಿಯಬೇಕಾದ ನೀರು ಏರುವುದನ್ನು ನೋಡಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತೆ. ಎದುರು ಮನೆಯ ಹುಡುಗ ಕಾರು ತೆಗೆದ. ಮೂಲೆಯವರೆಗೆ ಹೋದ. ಅಲ್ಲಿ ಕಾರು ತೇಲಿ ಪಕ್ಕಕ್ಕೆ ತಿರುಗಿತು. ಕಿಟಕಿಯಿಂದ ಹೊರಬಂದು ಬಚಾವಾದ. ಹರಿಯುವ ನೀರು ಆರು ಇಂಚು ಇದ್ದರೆ ದೊಡ್ಡವರೇ ಬೀಳುತ್ತಾರೆ, ಒಂದು ಅಡಿಗೆ ಸಣ್ಣ ಕಾರು ಹೋಗುತ್ತೆ, ಎರಡು ಅಡಿಗೆ ದೊಡ್ಡ ಗಾಡಿಯೂ ಹೋಗುತ್ತೆ. ಕೆಳಗೆ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ನೀರಿನ ಮೇಲಿಂದ ಗೊತ್ತಾಗಲ್ಲ.

ಮನೆಯೊಳಗೆ ನೀರು ಏರಿದರೆ ಮೇಲಕ್ಕೆ ಹೋಗಿ. ಆದರೆ ಬಾಗಿಲಿಲ್ಲದ ಅಟ್ಟಕ್ಕೆ ಹತ್ತಬೇಡಿ. ಸೂರು ಒಡೆಯಲು ಕೊಡಲಿ ಇಲ್ಲದೆ ಅಲ್ಲಿ ಸಿಕ್ಕಿಬಿದ್ದರೆ ಕಥೆ ಮುಗಿಯಿತು.

ತುಂಗೆದಂಡೆ

ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. 1,500 ಮಿ.ಮೀ. ಅಂದಾಗ ನಕ್ಕರು. "ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೇಲೆ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ನಮ್ಮಲ್ಲಿ ಗುಡ್ಡ ಇದೆ, ಹೊಳೆ ಇದೆ. ನೀರು ಬಿದ್ದರೆ ಹೋಗೋಕೆ ದಾರಿ ಇದೆ. ಈ ಊರು ತಟ್ಟೆ ಹಂಗಿದೆ" ಅಂದರು. ಈಗ ಕಿಟಕಿಯಿಂದ ಹೊರಗೆ ನೋಡುತ್ತಾ ನಿಂತಿದ್ದಾರೆ.

ಇನ್ನೊಂದು ವಿಷಯ. ಅಮ್ಮ ಇನ್ಸುಲಿನ್ ತಗೊಳ್ಳುತ್ತಾರೆ. ಕರೆಂಟ್ ಹೋದರೆ?

ಗುಳಿಗೆಪುಟ್ಟಿ

ನಾನು ಫಾರ್ಮಸಿಯಲ್ಲಿ ಕೆಲಸ ಮಾಡುವವಳು. ತೆರೆದ ಇನ್ಸುಲಿನ್ ಬಹುಪಾಲು ಬಗೆಗಳು ಸುಮಾರು 28 ದಿನ ಫ್ರಿಜ್ ಹೊರಗೂ ನಡೆಯುತ್ತವೆ. ಆದರೆ 30 ಡಿಗ್ರಿಯೊಳಗೆ. ಎಸಿ ಇಲ್ಲದ ಫ್ಲಾರಿಡಾ ಮನೆ ಅಕ್ಟೋಬರ್‌ನಲ್ಲೂ ಅದನ್ನು ದಾಟುತ್ತದೆ. ಹಾಗಾಗಿ ಸಣ್ಣ ಕೂಲರ್, ಐಸ್‌ಪ್ಯಾಕ್ ಇಟ್ಟುಕೊಳ್ಳಿ. ಇನ್ಸುಲಿನ್ ಐಸ್‌ಗೆ ನೇರ ತಾಗಬಾರದು, ಬಟ್ಟೆ ಸುತ್ತಿ. ಹೆಪ್ಪುಗಟ್ಟಿದ್ದನ್ನು ಬಳಸಬೇಡಿ. ಅಮ್ಮನ ಔಷಧಿ ಯಾವ ಬಗೆ ಅಂತ ನಿಮ್ಮ ಫಾರ್ಮಸಿಯಲ್ಲಿ ಒಮ್ಮೆ ಕೇಳಿ. ಊರಿಂದ ತಂದ ಬಿಪಿ ಮಾತ್ರೆಗಳ ಚೀಟಿಯನ್ನು ಫೋನಿನಲ್ಲಿ ಫೋಟೋ ತೆಗೆದಿಡಿ. ಪಾಸ್‌ಪೋರ್ಟ್, ಟ್ರಾವೆಲ್ ಇನ್ಶೂರೆನ್ಸ್ ಕಾಗದ ಎಲ್ಲ ಒಂದು ಜಿಪ್‌ಲಾಕ್ ಚೀಲದಲ್ಲಿ.

ಫ್ರೀಜರ್‌ಗೆ ಒಂದು ಉಪಾಯ. ಲೋಟದಲ್ಲಿ ನೀರು ಹಾಕಿ ಐಸ್ ಮಾಡಿ, ಮೇಲೆ ಒಂದು ನಾಣ್ಯ ಇಡಿ. ಮನೆ ಬಿಟ್ಟು ಹೋಗಿ ವಾಪಸ್ ಬಂದಾಗ ನಾಣ್ಯ ತಳ ಸೇರಿದ್ದರೆ ಐಸ್ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಒಳಗಿರುವುದನ್ನೆಲ್ಲ ಎಸೆಯಿರಿ, ತೆಂಗಿನತುರಿಯನ್ನೂ. ಅದಕ್ಕೇ ನನಗೆ ಪ್ರತಿ ವರ್ಷ ಸಂಕಟ.

ಈಗ ಮುಖ್ಯ ಮಾತು. ಗಾಳಿ ಹೋದ ಮೇಲೆ ಜನ ಸಾಯುವುದು ಜಾಸ್ತಿ ಅಜಾಗರೂಕತೆಯಿಂದ. 2020ರಲ್ಲಿ ಲೂಯಿಸಿಯಾನಾದಲ್ಲಿ ಲಾರಾ ಹರಿಕೇನ್ ಹೋದ ಮೇಲೆ ಜನರೇಟರ್ ಹೊಗೆಯಿಂದ ಎಷ್ಟೋ ಜನ ಮಲಗಿದಲ್ಲೇ ಹೋದರು. ಅದರ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ ಇರಲಿ, ಹೊಗೆ ಬಾಗಿಲು-ಕಿಟಕಿಯ ಕಡೆ ಬರದಿರಲಿ. ಗ್ಯಾರೇಜ್ ಬಾಗಿಲು ತೆರೆದಿದೆಯಲ್ಲ ಅಂತ ಒಳಗಿಡಬೇಡಿ. ಗ್ಯಾಸ್ ಕ್ಯಾಂಪ್ ಸ್ಟೌ, ಇದ್ದಿಲ ಒಲೆ ಕೂಡ ಹೊರಗೇ. ನಿಂತ ನೀರಿಗೆ ಕಾಲಿಡಬೇಡಿ, ತುಂಡಾದ ಕರೆಂಟ್ ತಂತಿ ಅದರೊಳಗೆ ಇರಬಹುದು.

ಸಣ್ಣಕ್ಕಿ

ಇಲ್ಲಿ ಒಲೆಯೂ ಕರೆಂಟಿನದ್ದೇ ಅಲ್ವಾ, ಅನ್ನ ಮಾಡೋಕಾಗಲ್ಲ. ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ, ಗೊಜ್ಜವಲಕ್ಕಿ ಪುಡಿ. ಬ್ರೆಡ್ಡಿಗೆ ಜನ ಹೊಡೆದಾಡುವಾಗ ನಾವು ಆರಾಮ. ಕುಡಿಯುವ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ. ಟಾಯ್ಲೆಟ್‌ಗೆ ಬಾತ್‌ಟಬ್ ತುಂಬಿಸಿಡಿ.

ಗಾರೆಕೆಲಸ

ಮನೆ ಬಗ್ಗೆ ನನ್ನ ಪಾಲು. 1992ರಲ್ಲಿ ಮಯಾಮಿ ದಕ್ಷಿಣಕ್ಕೆ ಆಂಡ್ರ್ಯೂ ಹರಿಕೇನ್ ಬಂದು ಸಾಲುಸಾಲು ಮನೆ ನೆಲಸಮವಾದ ಮೇಲೆ ಫ್ಲಾರಿಡಾದಲ್ಲಿ ಕಟ್ಟಡದ ನಿಯಮ ಬಿಗಿಯಾಯಿತು. ರಾಜ್ಯಕ್ಕೆಲ್ಲ ಒಂದೇ ನಿಯಮ ಜಾರಿಗೆ ಬಂದಿದ್ದು 2002ರಲ್ಲಿ. ನಿಮ್ಮ ಮನೆ ಅದರ ನಂತರದ್ದಾದರೆ ಸ್ವಲ್ಪ ಧೈರ್ಯ. ಕಿಟಕಿಗೆ ಟೇಪ್ ಅಂಟಿಸುವುದು ದಂಡ, ಗಾಜು ಒಡೆದರೆ ದೊಡ್ಡ ದೊಡ್ಡ ಚೂರಾಗಿ ಬೀಳುತ್ತೆ. ಶಟರ್, ಇಲ್ಲವೇ ದಪ್ಪ ಪ್ಲೈವುಡ್ ಹಾಕಿ. ಒತ್ತಡ ಸರಿಹೋಗಲಿ ಅಂತ ಒಂದು ಕಿಟಕಿ ತೆರೆದಿಡಬೇಕು ಅನ್ನುವವರ ಮಾತು ಕೇಳಬೇಡಿ. ಗಾಳಿ ಒಳನುಗ್ಗಿದರೆ ಸೂರನ್ನು ಒಳಗಿಂದ ಎತ್ತುತ್ತದೆ. ಅದಕ್ಕೇ ಗ್ಯಾರೇಜ್ ಬಾಗಿಲು ಗಟ್ಟಿ ಇರಬೇಕು, ಎಲ್ಲಕ್ಕಿಂತ ದುರ್ಬಲ ಜಾಗ ಅದೇ.

ಗಾಳಿ ಹೊತ್ತಿನಲ್ಲಿ ಕಿಟಕಿ ಇಲ್ಲದ ಒಳಕೋಣೆಗೆ ಹೋಗಿ. ಇದ್ದಕ್ಕಿದ್ದಂತೆ ಎಲ್ಲ ನಿಂತು ಆಕಾಶ ಕಂಡರೆ ಕಾಫಿ ಹಿಡಿದು ಹೊರಗೆ ಬರಬೇಡಿ, ನೀವು ಕಣ್ಣಿನೊಳಗೆ ಇದ್ದೀರಿ. ಇನ್ನು ಸ್ವಲ್ಪ ಹೊತ್ತಿಗೆ ಗಾಳಿ ಎದುರು ದಿಕ್ಕಿನಿಂದ ಬರುತ್ತೆ.

ಮನೆ ಇನ್ಶೂರೆನ್ಸ್‌ನಲ್ಲಿ ಸಾಮಾನ್ಯವಾಗಿ ನೆರೆ ಸೇರುವುದಿಲ್ಲ. ಸರ್ಕಾರದ ಫ್ಲಡ್ ಪಾಲಿಸಿ ಬೇರೆ ಮಾಡಿಸಬೇಕು, ಅದಕ್ಕೂ ಸಾಮಾನ್ಯವಾಗಿ 30 ದಿನ ಕಾಯಬೇಕು. ಟಿವಿಯಲ್ಲಿ ಮೋಡ ಸುತ್ತುವುದು ಕಂಡ ಮೇಲೆ ಫೋನ್ ಮಾಡಿ ಪ್ರಯೋಜನ ಇಲ್ಲ.

ಮೋಡದಹುಚ್ಚು

ಟಿವಿ ಅಂದಿದ್ದಕ್ಕೆ ನೆನಪಾಯಿತು. ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್‌ನ ನಕ್ಷೆಯಲ್ಲಿ ಬಿಳಿ ಶಂಕುವಿನ ಆಕಾರ ಇರುತ್ತಲ್ಲ, ಅದು ಬಿರುಗಾಳಿಯ ಅಗಲ ಅಲ್ಲ. ಅದರ ನಡುಬಿಂದು ಎಲ್ಲೆಲ್ಲಿ ಹೋಗಬಹುದು ಅನ್ನುವುದು ಮಾತ್ರ. ಅದೂ ಮೂರರಲ್ಲಿ ಎರಡು ಸಲ ಅದರೊಳಗೆ ಇರುತ್ತೆ, ಒಂದು ಸಲ ಹೊರಗೆ ಹೋಗುತ್ತೆ. ಹೆಲೀನ್‌ನಲ್ಲಿ ನಾವು ಶಂಕುವಿನ ಹೊರಗಿದ್ದೇವೆ ಅಂತ ನಿಶ್ಚಿಂತೆಯಾಗಿದ್ದ ಎಷ್ಟೋ ಜನ ನನಗೆ ಗೊತ್ತು.

ಹಾಗೇ, ಕಾದು ನೋಡೋಣ ಅನ್ನುವವರಿಗೆ ಮೆಕ್ಸಿಕೊದ ಅಕಪುಲ್ಕೊ ಉದಾಹರಣೆ. 2023ರ ಅಕ್ಟೋಬರ್‌ನಲ್ಲಿ ಓಟಿಸ್ ಒಂದೇ ದಿನದೊಳಗೆ ಸಾಧಾರಣ ಬಿರುಗಾಳಿಯಿಂದ ಕೆಟಗರಿ 5ಕ್ಕೆ ಏರಿತು. ಬೆಳಗ್ಗೆ ಪೇಟೆಗೆ ಹೋಗಿಬಂದವರು ನಡುರಾತ್ರಿ ಅದರ ಬಾಯಲ್ಲಿ ಇದ್ದರು.

ತುಂಗೆದಂಡೆ

ಎಲ್ಲರಿಗೂ ಧನ್ಯವಾದ. ವಿಳಾಸ ಹಾಕಿ ನೋಡಿದೆ. ನಮ್ಮದು ಬಿ ಜೋನ್. ಬ್ರ್ಯಾಂಡನ್‌ನಲ್ಲಿ ಯಾವ ಜೋನ್‌ಗೂ ಸೇರದ ಕಡೆ ನಮ್ಮ ಶಿವಮೊಗ್ಗದವರ ಮನೆ ಇದೆ. ಕೇಳಿದೆ, ಬನ್ನಿ ಅಂದರು. 14 ಮೈಲಿ. ಸುಸ್ತು ಅವರೇ, ಜಾಗ ಇದೆ, ನಾಯಿಯೂ ಬರಬಹುದಂತೆ.

ಹರಿಕೇನ್ ಸೆಂಟರ್‌ನವರು ಬೆಳಗ್ಗೆ 5, 11, ಸಂಜೆ 5, ರಾತ್ರಿ 11ಕ್ಕೆ ವರದಿ ಹಾಕುತ್ತಾರೆ ಅಂತ ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು. ಏನೂ ಇಲ್ಲದಿದ್ದರೂ ಈಗ ಬೆಳಗ್ಗೆ ಐದಕ್ಕೆ ಎದ್ದು ಟ್ಯಾಬ್ ಹಿಡಿದು ಕೂರುತ್ತಾರೆ. ಇವತ್ತು ಕಾಫಿ ಕೊಡುವಾಗ "ಆಫ್ರಿಕಾ ಕಡೆಯಿಂದ ಒಂದು ಹೊರಟಿದೆ, ಇನ್ನೂ ಹೆಸರಿಟ್ಟಿಲ್ಲ" ಅಂತ ಪಕ್ಕದ ಮನೆ ಮಗುವಿನ ಬಗ್ಗೆ ಹೇಳಿದ ಹಾಗೆ ಹೇಳಿದರು.

ಅಮ್ಮ ಅವಲಕ್ಕಿ ಹುರಿದು ಡಬ್ಬಕ್ಕೆ ಹಾಕಿಟ್ಟಿದ್ದಾರೆ. ಅವರದ್ದೊಂದು ಪ್ರಶ್ನೆ: ಫ್ರೀಜರ್ ಲೋಟಕ್ಕೆ ಅಮೆರಿಕದ ನಾಣ್ಯವೇ ಬೇಕಾ, ಪರ್ಸಿನಲ್ಲಿರುವ ಒಂದು ರೂಪಾಯಿ ನಡೆಯುತ್ತಾ?

ಗುಳಿಗೆಪುಟ್ಟಿ

ನಡೆಯುತ್ತೆ ಅಂತ ಹೇಳಿ.